ಕೆರೆಯ ನೀರೂ ಸೂರ್ಯನ ಬೆಳಕೂ

(ವರ್ತೂರು ಹೋಬಳಿಯ ಹಿಡುವಳಿದಾರರ ಸಭೆಯಲ್ಲಿ ವ್ಯವಸಾಯದ ಇನ್‌ಸ್ಪೆಕ್ಟರು ಮಾಡಿದ ಭಾಷಣ)



ವರ್ತೂರು, ಬೆಳ್ಳಂದೂರು ಕೆರೆಗಳ ನೀರಿನಿಂದ ನಿಮ್ಮ ಹಿರಿಯರು ಭತ್ತವನ್ನು ಬೆಳೆದರು. ಅನೇಕ ವರ್ಷಗಳಿಂದ ಈ ಕೆರೆಗಳಿಗೆ ಬೆಂಗಳೂರಿನ ಕೊಳಚೆ ನೀರು ಸೇರುತ್ತ ಬಂದಿದೆ. ಆದಕಾರಣ ಅದರೊಳಗಿನ ಬ್ಯಾಕ್ಟೀರಿಯಗಳೆಂಬ ಸೂಕ್ಷ್ಮಜೀವಿಗಳ ಮೇಲೆ ಬಿಸಿಲು ಏನು ಕೆಲಸ ಮಾಡುವುದೆಂಬುದನ್ನು ರೈತರು ಅರಿತಿರುವುದು ಅತ್ಯವಶ್ಯಕ.

ಈ ಜೀವಿಗಳಲ್ಲಿ ಕೆಲವಕ್ಕೆ ಬೆಳಕೇ ಆಹಾರದ ಮೂಲ. ನೀಲಿಹಸುರು ಪಾಚಿಯೆಂದು ನಾವು ಕರೆಯುವುದು ನಿಜವಾಗಿ ಬ್ಯಾಕ್ಟೀರಿಯವೇ. ಅದು ಪೈರಿನಂತೆ ಬೆಳಕಿನ ಬಲದಿಂದ ಬೆಳೆಯುತ್ತದೆ. ಅದರ ಕೆಲವು ಜಾತಿಗಳು ಗಾಳಿಯ ಸಾರಜನಕವನ್ನು ಹಿಡಿದು ಗದ್ದೆಗೆ ಒದಗಿಸುತ್ತವೆ. ಮಿಕ್ಕ ಬಹು ಜಾತಿಗಳು ಕೊಳೆತುದನ್ನು ತಿಂದು ಬದುಕತಕ್ಕವು. ಇವಕ್ಕೆ ಬೆಳಕು ಬೇಡ. ಭೇದಿ, ವಿಷಮಶೀತಜ್ವರಗಳನ್ನು ತರುವಂಥವು ಕರುಳಿನ ಕತ್ತಲೆಯಲ್ಲಿ ಬೆಳೆಯತಕ್ಕವು. ತೀಕ್ಷ್ಣವಾದ ಬಿಸಿಲಿನಲ್ಲಿ ಬಹಳ ಹೊತ್ತು ಬಾಳಲಾರವು. ಬೆಳಕು ಬ್ಯಾಕ್ಟೀರಿಯಗಳನ್ನು ಕೊಲ್ಲುವುದೆಂಬುದನ್ನು 1877ರಲ್ಲಿ ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ ಎಂಬಿಬ್ಬರು ಪ್ರಯೋಗದಿಂದ ತೋರಿಸಿಕೊಟ್ಟರು.

ಆದರೆ ಬೆಳಕು ನೀರಿನೊಳಕ್ಕೆ ಇಳಿದರಲ್ಲವೆ ಅದರ ಪ್ರಯೋಜನ? ಕದಡಿದ ನೀರಿನಲ್ಲಿ ಅದು ಬಹು ಸ್ವಲ್ಪವೇ ಇಳಿಯುತ್ತದೆ. ಮೇಲೆ ಅಂತರಗಂಗೆ ಮೊದಲಾದ ತೇಲುಕಳೆ ಹರಡಿದರೆ ಕೆಳಗೆಲ್ಲ ಕತ್ತಲೆ. ಅಲ್ಲಿ ಪಾಚಿಯಿಂದ ಪ್ರಾಣವಾಯು ಹುಟ್ಟದು. ಪ್ರಾಣವಾಯುವಿಲ್ಲದೆ ಬಾಳುವ ಬ್ಯಾಕ್ಟೀರಿಯಗಳು ಹೆಚ್ಚಿ, ದುರ್ನಾತದ ಅನಿಲಗಳನ್ನೂ ಉರಿಯುವ ಮೀಥೇನನ್ನೂ ಹೊರಡಿಸುತ್ತವೆ.

ಹಾಗೆಂದು ಕಳೆಯನ್ನು ಕಿತ್ತ ಮಾತ್ರಕ್ಕೆ ಕೆರೆ ಶುದ್ಧವಾಗದು. ಕೊಳಚೆಯ ಸಾರವೂ ಬೆಳಕೂ ಕೂಡಿದಲ್ಲಿ ಪಾಚಿ ಮಿತಿಮೀರುವುದು. ರಾತ್ರಿಯಲ್ಲಿ ಅದೇ ಪ್ರಾಣವಾಯುವನ್ನು ಸೇವಿಸುವುದರಿಂದ ಬೆಳಗಿನ ಜಾವ ಮೀನುಗಳು ಸಾಯುವುವು. ಕೊಳಚೆಯನ್ನು ತಡೆಯುವುದೇ ಮೊದಲ ಕೆಲಸ. ಕಳೆ ತೆಗೆಯುವುದು ಎರಡನೆಯದು.

ಇನ್ನು ನೀವು ಆಚರಿಸತಕ್ಕ ಸಂಗತಿಗಳು:

1. ಕೊಳಚೆ ಬೆರೆತ ನೀರನ್ನು ಕೊತ್ತಂಬರಿ, ಮೂಲಂಗಿ ಮುಂತಾಗಿ ಹಸಿಯಾಗಿ ತಿನ್ನುವ ಬೆಳೆಗಳಿಗೆ ಹಾಯಿಸಕೂಡದು. ಬೇಯಿಸಿ ತಿನ್ನುವ ಸೊಪ್ಪಿನ ಮೇಲೂ ಚಿಮುಕಿಸದೆ ಬುಡಕ್ಕೆ ಮಾತ್ರ ಬಿಟ್ಟು, ಕೊಯ್ಲಿಗೆ ಮುಂಚೆ ಕೆಲವು ದಿನ ನಿಲ್ಲಿಸತಕ್ಕದ್ದು. ಎಲೆಯ ಅಡಿಗೆ ಬಿಸಿಲು ತಾಕದೆಂಬುದು ನೆನಪಿರಲಿ.

2. ಕಿತ್ತ ಕಳೆಯನ್ನು ಕೆರೆಯಲ್ಲೇ ಕೊಳೆಯಲು ಬಿಡಬಾರದು. ಕಾರ್ಖಾನೆಯ ನೀರು ಸೇರುವ ಕೆರೆಯ ಕಳೆ ಭಾರಲೋಹಗಳನ್ನು ಹೀರಿರಬಹುದಾದ್ದರಿಂದ, ಪರೀಕ್ಷಿಸದೆ ಅದನ್ನು ಗೊಬ್ಬರವಾಗಿ ಹಾಕಬೇಡಿರಿ.

3. ಕುಡಿಯುವ ನೀರನ್ನು ಕುದಿಸಲಾಗದಿದ್ದಾಗ, ತಿಳಿಯಾದ ನೀರನ್ನು ಬಣ್ಣವಿಲ್ಲದ ಪ್ಲಾಸ್ಟಿಕ್ ಸೀಸೆಯಲ್ಲಿ ತುಂಬಿ 6 ಗಂಟೆ ಪೂರ್ಣ ಬಿಸಿಲಿನಲ್ಲಿ ಮಲಗಿಸಿಡಿರಿ. ಮೋಡವಿದ್ದರೆ 2 ದಿನ. ಸೀಸೆ 2 ಲೀಟರಿಗಿಂತ ದೊಡ್ಡದಾಗಿರಬಾರದು.

4. ಬಿಸಿಲು ರೋಗಾಣುಗಳನ್ನು ಕೊಲ್ಲುವುದೇ ಹೊರತು ಲೋಹವಿಷವನ್ನು ನೀಗಿಸದು. ಪೀಣ್ಯದ ಸುತ್ತಿನ ಅಂತರ್ಜಲದಲ್ಲಿ ಕ್ರೋಮಿಯಂ ಕಂಡುಬಂದಿದೆ. ಅಂಥ ನೀರನ್ನು ಕುದಿಸಿದರೂ ಫಲವಿಲ್ಲ. ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿಯೇ ಬಳಸಿರಿ.

ಒಬ್ಬನ ಹೊಲದಿಂದ ಹೊರಟ ಸೊಪ್ಪು ನೂರು ಮನೆಗಳ ಅಡಿಗೆಗೆ ಸೇರುತ್ತದೆ. ಆದಕಾರಣ ಗ್ರಾಮದ ಮುಖಂಡರಾದ ತಾವು ಕೆರೆಗೆ ಬರುವ ಕಾಲುವೆಗಳನ್ನು ಸ್ವತಃ ನಡೆದು ನೋಡಿ, ಎಲ್ಲೆಲ್ಲಿ ಕೊಳಚೆ ಸೇರುತ್ತಿದೆಯೆಂಬುದನ್ನು ಬರೆದು, ಸಂಬಂಧಪಟ್ಟ ಅಧಿಕಾರಿಗಳಿಗೆ ತಿಳಿಸಬೇಕೆಂದು ಬಿನ್ನವಿಸುತ್ತೇನೆ.