ಒಂದೇ ನೂಲಿನ ಎರಡು ತುದಿ



ಆಟಿ ತಿಂಗಳ ಮಳೆಯಲ್ಲಿ ಚೆನ್ನೆಮಣೆಯ 14 ಗುಳಿಗಳೆದುರು ಹಿರಿಯರೊಡನೆ ಕುಳಿತು ಬೆಳೆದವರು ನಾವು. ಇಂದು ಮಕ್ಕಳು ಪರದೆಯೆದುರು ಕುಳಿತರೆ ಗದರುತ್ತೇವೆ, ಪಕ್ಕದಲ್ಲಿ ಕುಳಿತುಕೊಳ್ಳುವುದಿಲ್ಲ.

ಈ ಮಳೆಗಾಲದಲ್ಲಿ ಕುಳಿತು ನೋಡಿದೆವು. ಸ್ವೀಡನ್ನಿನ ಕೋಲ್ಡ್‌ವುಡ್ ಸಂಸ್ಥೆ ರೂಪಿಸಿ 2018ರಲ್ಲಿ ಹೊರಬಂದ ‘ಅನ್‌ರಾವೆಲ್ ಟು’ ಎಂಬ ವಿಡಿಯೋ ಆಟದಲ್ಲಿ ಎರಡು ನೂಲಿನ ಬೊಂಬೆಗಳು ಒಂದೇ ಎಳೆಯಿಂದ ಬೆಸೆದಿವೆ. ಒಂದು ಗಟ್ಟಿಯಾಗಿ ನಿಂತು ಹಿಡಿದರೆ ಇನ್ನೊಂದು ಜೋತಾಡಿ ಕಂದಕ ದಾಟೀತು. ಚೆನ್ನೆಯಲ್ಲಿ ಎದುರಾಳಿಯನ್ನು ಗೆಲ್ಲಬೇಕು. ಇಲ್ಲಿ ಜತೆಗಾರನನ್ನು ದಾಟಿಸಬೇಕು. ನಾವು ಮತ್ತೆ ಮತ್ತೆ ಬಿದ್ದೆವು. ಎಂಟು ವರ್ಷದ ಮಗಳು ಮತ್ತೆ ಮತ್ತೆ ಮೇಲೆಳೆದಳು.

ಈ ಆಟದ ಕಥೆಗೆ ಸಂಭಾಷಣೆಯಿಲ್ಲ. ಮಾತನ್ನು ಆಡುವವರೇ ತುಂಬಬೇಕು. ಶಾಲೆಯಿಂದಾಚೆ ಇಂಗ್ಲಿಷಿಗೆ ಹೊರಳುತ್ತಿದ್ದ ಮಗಳ ಬಾಯಿಂದ ‘ಹಿಡಿ’, ‘ತಾಳು’, ‘ಈಗ ಹಾರು’ ಎಂಬ ಕನ್ನಡ ತಾನಾಗಿ ಹೊಮ್ಮಿತು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿನ ಕನ್ನಡವನ್ನು ಶಾಲೆಗಳು ಹಿಡಿದು ನಿಂತಿವೆ. ಆ ನೂಲಿನ ಇನ್ನೊಂದು ತುದಿ ನಮ್ಮ ಮನೆಗಳಲ್ಲಿದೆ. ಅದನ್ನು ನಾವು ಕೈಬಿಟ್ಟರೆ ಶಾಲೆಯೊಂದೇ ಯಾರನ್ನು ದಾಟಿಸೀತು?

ವಾರಕ್ಕೊಂದು ಗಂಟೆಯಾದರೂ ಮಕ್ಕಳ ಪಕ್ಕದಲ್ಲಿ ಕುಳಿತು ಆಡೋಣ. ಸೋತಾಗಲೂ ಕನ್ನಡದಲ್ಲಿ ನಗೋಣ.