ಆಧಾರ ಕಾಣದ 'ಆಧಾರಗಳು'

(ಮದ್ದೂರಿನಲ್ಲಿ ನಡೆದ ಇತಿಹಾಸ ಶಿಕ್ಷಕರ ಸಮ್ಮೇಳನದ ಅಧ್ಯಕ್ಷ ಭಾಷಣ)



ಪರಿಚಯ ಭಾಷಣದಲ್ಲಿ ನನ್ನ ಬಗ್ಗೆ ಹೇಳಿದ್ದರಲ್ಲಿ ಅರ್ಧ ನಿಜ. ಯಾವ ಅರ್ಧ ಎನ್ನುವುದು ನನ್ನ ಜೊತೆ ಕೆಲಸ ಮಾಡಿದವರಿಗೆ ಗೊತ್ತು. ಹಿಂದಿನ ಅಧ್ಯಕ್ಷರು ಸಲ್ಲಿಸಿದ ಸೇವೆ ದೊಡ್ಡದು. ಸ್ಮರಣ ಸಂಚಿಕೆಯಲ್ಲಿ ಅವರ ಫೋಟೊ ಇದೆ, ವಿವರವಿದೆ, ದಯವಿಟ್ಟು ಓದಿಕೊಳ್ಳಿ. ಊರೂರು ಸುತ್ತಿ ನಮ್ಮ ಶಾಸನಗಳನ್ನು ಅಚ್ಚು ಹಾಕಿಸಿದ ಬಿ.ಎಲ್. ರೈಸ್, ಆರ್. ನರಸಿಂಹಾಚಾರ್ಯರಿಗೂ ಒಂದು ನಮಸ್ಕಾರ. ಇನ್ನು ವಿಷಯಕ್ಕೆ ಬರುತ್ತೇನೆ. ನನಗಿರುವುದು ಒಂದೇ ವಿಷಯ. ಅದನ್ನು ಕೇಳಿ ಕೇಳಿ ನಿಮ್ಮಲ್ಲಿ ಕೆಲವರಿಗೆ ಬೇಸರ ಬಂದಿದೆ ಎಂಬುದೂ ನನಗೆ ಗೊತ್ತು.

ಎಂಟನೇ ತರಗತಿಯ ಇತಿಹಾಸ ಶುರುವಾಗುವುದೇ 'ಆಧಾರಗಳು' ಎಂಬ ಪಾಠದಿಂದ. ಸಾಹಿತ್ಯಕ ಆಧಾರ, ಪುರಾತತ್ವ ಆಧಾರ, ದೇಶೀಯ, ವಿದೇಶೀಯ ಎಂದು ಬೋರ್ಡಿನ ಮೇಲೆ ಬರೆಯುತ್ತೇವೆ. ಮಕ್ಕಳು ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ. ಅಲ್ಲಿಗೆ ಮುಗಿಯಿತು. ಆಮೇಲೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಹೊರಗೆ ಹೋಗುವವರೆಗೆ ಆ ಮಗು ಒಂದು ಆಧಾರವನ್ನೂ ಕಣ್ಣಾರೆ ಕಾಣುವುದಿಲ್ಲ. ಮಗುವಿನ ಮಾತು ಬಿಡಿ. ಪಾಠ ಮಾಡುವ ನಮ್ಮಲ್ಲಿ ಎಷ್ಟು ಜನ ಒಂದು ಶಾಸನವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದ್ದೇವೆ? ಕೈ ಎತ್ತಿ ಎಂದು ಕೇಳುವುದಿಲ್ಲ. ಇವತ್ತು ಹಬ್ಬದ ದಿನ.

ಹಾಗೆ ಓದಿದರೆ ಏನು ಸಿಗುತ್ತದೆ? ಇದೇ ಮದ್ದೂರು ತಾಲ್ಲೂಕಿನ ಆತಕೂರನ್ನು ತೆಗೆದುಕೊಳ್ಳಿ. ಶಕ 872, ಅಂದರೆ ಕ್ರಿ.ಶ. 949-50ರ ಶಾಸನ. ರಾಷ್ಟ್ರಕೂಟರ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳ ರಾಜಾದಿತ್ಯನ ಮೇಲೆ ಯುದ್ಧ ಮಾಡಿದ್ದು, ಗಂಗರ ಇಮ್ಮಡಿ ಬೂತುಗ ಆ ರಾಜಾದಿತ್ಯನನ್ನು ಕೊಂದದ್ದು, ಅದಕ್ಕೆ ಬನವಾಸಿ, ಬೆಳ್ವೊಲ ಮೊದಲಾದ ನಾಡುಗಳನ್ನು ಪಡೆದದ್ದು ಅದರಲ್ಲಿದೆ. ಬೂತುಗನ ಆಳು ಮಣಲೆರ. ಶೌರ್ಯಕ್ಕೆ ಮೆಚ್ಚಿ ಏನು ಬೇಕೋ ಕೇಳು ಎಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ನಾಯಿ ಕಾಡುಹಂದಿಯ ಮೇಲೆ ಬಿತ್ತು, ಎರಡೂ ಸತ್ತವು. ಕಲ್ಲಿನಲ್ಲಿ ಎರಡರ ಚಿತ್ರವೂ ಇದೆ. ಕಲ್ಲಿನ ಪೂಜೆಗೆ ಭೂಮಿ ಬಿಟ್ಟು, ಪೂಜೆ ಮಾಡದೆ ಉಣ್ಣುವ ಗೊರವನಿಗೆ ಪಾಪ ಸುತ್ತಿಕೊಳ್ಳಲಿ ಎಂದು ಶಾಪವನ್ನೂ ಹಾಕಿದ್ದಾರೆ. ಎಂಟನೇ ತರಗತಿಯ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ಯಾವ ಸಮಿತಿ ಬರೆದುಕೊಡುತ್ತದೆ?

ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಲೈಡನ್ ತಾಮ್ರಪಟಗಳೆಂದು ಹೆಸರಾದ ಚೋಳರ ದಾಖಲೆಯೊಂದಿದೆ. ಅದರ ಪ್ರಕಾರ ರಾಜಾದಿತ್ಯ ಆನೆಯ ಮೇಲೆ ಕುಳಿತೇ ಕೃಷ್ಣನ ಬಾಣಕ್ಕೆ ಸತ್ತು ವೀರಸ್ವರ್ಗಕ್ಕೆ ಹೋದ. ಬೂತುಗನ ಹೆಸರನ್ನೇ ಎತ್ತುವುದಿಲ್ಲ. ಸಾವು ಒಂದು, ಸಾಕ್ಷಿ ಎರಡು. ಯಾರು ಬರೆಸಿದರು, ಯಾವಾಗ ಬರೆಸಿದರು, ಯಾರಿಗೆ ಕೀರ್ತಿ ಬರಬೇಕಿತ್ತು ಎಂದು ಮಕ್ಕಳನ್ನು ಕೇಳಿ ನೋಡಿ, ಆ ದಿನ ಗಂಟೆ ಹೊಡೆದರೂ ತರಗತಿ ಏಳುವುದಿಲ್ಲ. ಆದರೆ ಈ ಕಲ್ಲನ್ನು ನೋಡಲು ಆತಕೂರಿಗೆ ಹೋಗಬೇಡಿ. ಅದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿದೆ.

ಈಗ ತರಬೇತಿಯ ಕಥೆ. ಇದನ್ನು ಹೇಳುವುದಕ್ಕೇ ನಾನು ಅಧ್ಯಕ್ಷಗಿರಿ ಒಪ್ಪಿಕೊಂಡಿದ್ದು.

ನಮಗೆ ತರಬೇತಿ ಕಡಿಮೆಯಿಲ್ಲ. ಗುರುಚೇತನ ಬಂತು, ನಿಷ್ಠಾ ಬಂತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆಯ ವೃತ್ತಿ ಬೆಳವಣಿಗೆ ಬೇಕು ಎನ್ನುತ್ತದೆ. ತಕರಾರು ಗಂಟೆಯ ಬಗ್ಗೆ ಅಲ್ಲ, ಆ ಗಂಟೆಗಳಲ್ಲಿ ನಡೆಯುವುದರ ಬಗ್ಗೆ. ಮೇಲೆ ಐದು ದಿನ ನಡೆದದ್ದು ಜಿಲ್ಲೆಗೆ ಬರುವಾಗ ಎರಡು ದಿನವಾಗುತ್ತದೆ, ತಾಲ್ಲೂಕಿನ ಸಂಪನ್ಮೂಲ ಕೇಂದ್ರ ಬಿಆರ್‌ಸಿಗೆ ಇಳಿಯುವಾಗ ಒಂದು ದಿನ. ಮೂರು ಸಲ ಗಾಣಕ್ಕೆ ಕೊಟ್ಟ ಕಬ್ಬಿನಲ್ಲಿ ಎಷ್ಟು ರಸ ಉಳಿದಿರುತ್ತದೆ ಎಂದು ಮಂಡ್ಯದವರಿಗೆ ನಾನು ಹೇಳಬೇಕಾಗಿಲ್ಲ. ಬೆಳಿಗ್ಗೆ ಸಹಿ, ಹನ್ನೊಂದಕ್ಕೆ ಟೀ, ಪಿಪಿಟಿ, ಮಧ್ಯಾಹ್ನ ಊಟ, ಗುಂಪು ಚರ್ಚೆ, ಚಾರ್ಟು, ಸಂಜೆ ಮತ್ತೆ ಸಹಿ, ಹಿಮ್ಮಾಹಿತಿ ನಮೂನೆ. 'ಮೂಲ ಆಧಾರಗಳ ಬಳಕೆ' ಎಂಬ ಸ್ಲೈಡ್ ಒಂದಿರುತ್ತದೆ. ಅದರಲ್ಲಿ ಅಶೋಕನ ಸ್ತಂಭದ ಚಿತ್ರ. ಸಂಪನ್ಮೂಲ ವ್ಯಕ್ತಿ ಅದನ್ನು ಓದುತ್ತಾರೆ, ನಾವು ಕೇಳುತ್ತೇವೆ. ಅವರನ್ನು ಬೈಯುವುದಿಲ್ಲ, ಅವರಿಗೂ ಅಷ್ಟೇ ಕೊಟ್ಟು ಕಳಿಸಿರುತ್ತಾರೆ.

ಬಹಳ ವರ್ಷದ ಹಿಂದೆ ನಾವು ಕೆಲವರು ಸೇರಿ ಒಂದು ಕಚೇರಿಗೆ ಬೇಡಿಕೆ ಕೊಟ್ಟೆವು. ಶಾಸನದ ಅಚ್ಚು ತೆಗೆಯುವುದನ್ನು ಕಲಿಸಿ ಎಂದು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ತಟ್ಟಿ, ಶಾಯಿ ಒತ್ತಿದರೆ ಅಕ್ಷರ ಬೆಳ್ಳಗೆ ಎದ್ದು ಬರುತ್ತದೆ. ಅದನ್ನು ಒಂದು ಸಲ ಕಂಡವನು ಜೀವಮಾನದಲ್ಲಿ ಇತಿಹಾಸವನ್ನು ಬಾಯಿಪಾಠ ಮಾಡಿಸುವುದಿಲ್ಲ. ವಿಷಯ ಮಾಡ್ಯೂಲಿನಲ್ಲಿಲ್ಲ ಎಂದು ಉತ್ತರ ಬಂತು. ಸರಿ, ಒಂದು ದಿನವಾದರೂ ಹೊರಗೆ ಕರೆದುಕೊಂಡು ಹೋಗಿ ಎಂದೆವು. ತರಬೇತಿ ಕೇಂದ್ರದ ಹೊರಗೆ ಹಾಜರಾತಿ ತೆಗೆದುಕೊಳ್ಳಲು ಅವಕಾಶವಿಲ್ಲ ಎಂದರು. ಶಾಸನ ಬೇಕಾದರೆ ಕೇಂದ್ರದೊಳಗೆ ಬಂದು ಸಹಿ ಹಾಕಲಿ ಎಂಬ ಅರ್ಥವಿರಬೇಕು. ಮತ್ತೆ ಬರೆದೆವು. ಅಧಿಕಾರಿ ಬದಲಾದರು, ಮತ್ತೆ ಬರೆದೆವು. ಆ ಕಡತವೇ ಈಗ ಒಂದು ಐತಿಹಾಸಿಕ ದಾಖಲೆ.

ವಿರೋಧ ಕಚೇರಿಯಿಂದ ಮಾತ್ರ ಬರಲಿಲ್ಲ. ಇದೇ ಸಭೆಯಲ್ಲಿ ಕುಳಿತಿರುವ ಹಿರಿಯ ಮಿತ್ರರೊಬ್ಬರು ಅವತ್ತು ಹೇಳಿದ್ದರು: ಮೇಷ್ಟ್ರುಗಳು ಶಾಸನ ಓದಲು ಶುರು ಮಾಡಿದರೆ ಊರಿಗೊಂದು ರಾಜವಂಶ ಹುಟ್ಟುತ್ತದೆ. ನಾನು ಕೊಟ್ಟ ಉತ್ತರ ಸಭ್ಯವಾಗಿರಲಿಲ್ಲ, ಈಗಲೂ ಅದನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಸ್ವಾಮಿ, ನಾವು ಓದದೆ ಇದ್ದದ್ದಕ್ಕೇ ಹುಟ್ಟುತ್ತಿವೆ. 2023ರ ಮಾರ್ಚಿನಲ್ಲಿ ಪ್ರಧಾನಿಯವರು ಹೆದ್ದಾರಿ ಉದ್ಘಾಟನೆಗೆ ಮಂಡ್ಯಕ್ಕೆ ಬಂದಾಗ ಉರಿಗೌಡ, ನಂಜೇಗೌಡರ ಹೆಸರಿನ ಕಮಾನು ಎದ್ದಿತು, ಆಮೇಲೆ ಹೆಸರು ಬದಲಾಯಿತು. ಟಿಪ್ಪುವನ್ನು ಕೊಂದವರು ಇವರೇ ಎಂದು ಸಿನಿಮಾಕ್ಕೂ ಸಿದ್ಧತೆ ನಡೆಯಿತು. ಆದಿಚುಂಚನಗಿರಿ ಸ್ವಾಮೀಜಿ ಬೇಡವೆಂದ ಮೇಲೆ ನಿಂತಿತು. ಆ ಹದಿನೈದು ದಿನ ನಮ್ಮ ತರಗತಿಗಳಲ್ಲಿ ಮಕ್ಕಳು ನಿಜವೇ ಸಾರ್ ಎಂದು ಕೇಳಿದರು. ಟಿಪ್ಪು ಸತ್ತ 1799ರ ಮೇ 4ರ ಬಗ್ಗೆ ಆ ಕಾಲದವರು ಬರೆದದ್ದು ಯಾವುದು, ನೂರಾರು ವರ್ಷದ ಮೇಲೆ ಕಟ್ಟಿದ್ದು ಯಾವುದು, ಎರಡನ್ನೂ ಪಕ್ಕದಲ್ಲಿಟ್ಟು ನೋಡೋಣ ಬನ್ನಿ ಎನ್ನುವ ಅವಕಾಶ ತಾನಾಗಿ ಬಾಗಿಲಿಗೆ ಬಂದಿತ್ತು. ನಮ್ಮಲ್ಲಿ ಬಹಳ ಜನ ಹೇಳಿದ್ದು: ಪರೀಕ್ಷೆಗೆ ಬರಲ್ಲ, ಕೂತ್ಕೊ. ಇನ್ನೊಂದಿಷ್ಟು ಜನ ತಮ್ಮ ಪಕ್ಷ ಯಾವುದೋ ಆ ಉತ್ತರ ಹೇಳಿದರು. ದಾಖಲೆ ತೆರೆಯುವ ಅಭ್ಯಾಸವಿಲ್ಲದ ಮೇಷ್ಟ್ರಿಗೆ ಮೂರನೇ ದಾರಿ ಇರಲಿಲ್ಲ.

ಈಸ್ಟ್ ಇಂಡಿಯಾ ಕಂಪನಿಯವರ ಬರಹವನ್ನೂ ಹಾಗೇ ನುಂಗಬೇಕಿಲ್ಲ. 1799ರ ಮಾರ್ಚ್ 27ರ ಮಳವಳ್ಳಿ ಯುದ್ಧದ ವಿವರ ಬಹುಪಾಲು ಗೆದ್ದವರ ಕಡೆಯದು. ಮರುವರ್ಷ ಈ ದಾರಿಯಲ್ಲಿ ನಡೆದು ಬೆಳೆ, ಕೆರೆ, ಕೂಲಿಯನ್ನೆಲ್ಲ ಬರೆದುಕೊಂಡ ಬುಕಾನನ್‌ನನ್ನು ಕಳಿಸಿದವನು ಕಂಪನಿಯ ಗವರ್ನರ್ ಜನರಲ್ ವೆಲ್ಲೆಸ್ಲಿ. ಯಾರ ಸಂಬಳಕ್ಕೆ ಬರೆದ ಎಂದು ಕೇಳಿಯೇ ಓದಬೇಕು.

ಶಾಸನವಿಲ್ಲದ ಊರಿನವರು ನಮಗೇನಿದೆ ಎನ್ನುತ್ತಾರೆ. ನಿಮ್ಮ ಶಾಲೆಯ ಬೀರುವಿನಲ್ಲಿ ಹಳೆಯ ದಾಖಲಾತಿ ರಿಜಿಸ್ಟರ್ ಇದೆ. ತಂದೆಯ ಕಸುಬು, ಜಾತಿ, ಶಾಲೆ ಬಿಟ್ಟ ದಿನ, ಬಿಟ್ಟ ಕಾರಣ. ಹೆಸರಿನ ಕಲಮು ಮುಚ್ಚಿ ಉಳಿದದ್ದನ್ನು ನಕಲು ಮಾಡಿ ಮಕ್ಕಳ ಕೈಗೆ ಕೊಡಿ. ನಾಲೆಯ ನೀರು ಬಂದ ಮೇಲೆ, 1933ರಲ್ಲಿ ಮೈಷುಗರ್ ಸಕ್ಕರೆ ಕಂಪನಿ ಶುರುವಾದ ಮೇಲೆ ಊರಿನ ಕಸುಬು ಹೇಗೆ ತಿರುಗಿತು, ಹೆಣ್ಣುಮಕ್ಕಳ ಹೆಸರು ಯಾವ ಪುಟದಿಂದ ಕಾಣಿಸುತ್ತದೆ, ಅವರೇ ಎಣಿಸಿ ಹೇಳಲಿ. ಇಲ್ಲೇ ಶಿಂಷಾ ದಂಡೆಯ ಶಿವಪುರದಲ್ಲಿ 1938ರ ಏಪ್ರಿಲಿನಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅಂದಿನ ಪತ್ರಿಕೆ ಒಂದು ಕಡೆ, ಸರ್ಕಾರದ ಕಡತ ಇನ್ನೊಂದು ಕಡೆ ಇಟ್ಟು ಪಾಠ ಮಾಡಿದ ಶಾಲೆ ಈ ತಾಲ್ಲೂಕಿನಲ್ಲಿದ್ದರೆ ನನಗೆ ತಿಳಿಸಿ, ನಾನೇ ಬಂದು ಹಾರ ಹಾಕುತ್ತೇನೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನಲ್ಲಿರುವ ಮೂಲ ದಾಖಲೆಗಳಿಂದ ಪಾಠ ಮಾಡುವುದನ್ನು ಶಿಕ್ಷಕರಿಗೆ ಕಲಿಸುವ ಕಾರ್ಯಕ್ರಮವನ್ನೇ ನಡೆಸುತ್ತದೆ. ನಮ್ಮ ರಾಜ್ಯ ಪತ್ರಾಗಾರಕ್ಕೆ ಹೈಸ್ಕೂಲ್ ಮೇಷ್ಟ್ರು ಹೋದರೆ ಸಂಶೋಧನೆಯೇ ಎಂದು ಮೊದಲು ಕೇಳುತ್ತಾರೆ.

ಏನು ಮಾಡಬೇಕು? 50 ಗಂಟೆಯಲ್ಲಿ ಆರು ಗಂಟೆ, ಒಂದೇ ಒಂದು ದಿನ, ಬಯಲಿನಲ್ಲಿ ಆಗಲಿ. ಮಂಡ್ಯದವರು 1234ರ ಬಸರಾಳು ದೇವಾಲಯಕ್ಕೆ, ಮದ್ದೂರಿನವರು ಅರೆತಿಪ್ಪೂರಿಗೆ, ಮಳವಳ್ಳಿಯವರು ಮಾರೇಹಳ್ಳಿಗೆ. ಜಿಲ್ಲಾ ತರಬೇತಿ ಸಂಸ್ಥೆ ಡಯಟ್‌ನವರು ಹಾಜರಾತಿ ಪುಸ್ತಕವನ್ನು ಕಾರಿನಲ್ಲಿ ತರಲಿ. ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಏಳನೇ ಸಂಪುಟದಲ್ಲಿ ಮೂರೂ ತಾಲ್ಲೂಕಿನ ಶಾಸನಗಳಿವೆ. ಅದರಿಂದ ಹನ್ನೆರಡನ್ನು ಆರಿಸಿ, ಹೊಸಗನ್ನಡದ ಸಾರಾಂಶದೊಡನೆ ಪ್ರತಿ ಶಾಲೆಗೂ ಒಂದು ಲಕೋಟೆ ಕಳಿಸೋಣ. ಜೆರಾಕ್ಸ್ ಖರ್ಚು ಈ ಸಮ್ಮೇಳನದ ಉಳಿಕೆ ಹಣದಿಂದ. ಸಮಾಜ ವಿಜ್ಞಾನದ ಆಂತರಿಕ 20 ಅಂಕ ನಮ್ಮ ಕೈಯಲ್ಲೇ ಇವೆ. ಅದರಲ್ಲಿ ಐದನ್ನು ಆಧಾರ ಓದುವ ಕೆಲಸಕ್ಕೆ ಇಡಲು ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಯ ಹಳೆಯ ಕಾಗದ ಸ್ಕ್ಯಾನ್ ಆಗುತ್ತಿದೆ, ಪಾಠಕ್ಕೆ ಬೇಕಾದ ಕೆಲವು ಪುಟ ಕೊಡಿ ಎಂದು ತಹಸೀಲ್ದಾರರನ್ನು ಕೇಳೋಣ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯಲ್ಲಿ ಮಕ್ಕಳು ಮೊದಲು ನೋಡಿರದ ದಾಖಲೆಯ ತುಣುಕೊಂದು ಬರಬೇಕು. ಬಂದ ದಿನ ನೋಟ್ಸ್ ವ್ಯಾಪಾರ ಅರ್ಧ ಬೀಳುತ್ತದೆ. ತಾಲ್ಲೂಕಿಗೊಂದು ಪತ್ರಾಗಾರ ಬೇಕು. ಆತಕೂರಿನ ಕಲ್ಲು ಮದ್ದೂರಿಗೆ ವಾಪಸು ಬರಬೇಕು. ನಗುತ್ತಿದ್ದೀರಿ. ಕಲ್ಲು ಬರದಿದ್ದರೆ ಅಚ್ಚಿನ ಪ್ರತಿಯಾದರೂ ಬರಲಿ, ಅದಕ್ಕೆ ಸರ್ಕಾರದ ಆದೇಶವೇನೂ ಬೇಡವಲ್ಲ.

ನಿರ್ಣಯದ ಕರಡು ನಿಮ್ಮ ಕೈಚೀಲದಲ್ಲಿದೆ. ಐದು ಅಂಕದ ವಿಷಯಕ್ಕೆ ತಕರಾರಿರುವವರು ಕಾರಿಡಾರಿನಲ್ಲಿ ಗೊಣಗದೆ ಊಟಕ್ಕೆ ಮುಂಚೆ ಬರೆದುಕೊಡಿ. ನಮ್ಮ ಹಿರಿಯ ಮಿತ್ರರಿಗೂ ಒಂದು ಹಾಳೆ ಕೊಡಿ. ಮಧ್ಯಾಹ್ನ ಎರಡೂವರೆಗೆ ಮತಕ್ಕೆ ಹಾಕುತ್ತೇನೆ.