ಪಥ್ಯ ಬೇರೆ, ಡಯಟ್ ಬೇರೆ

(ಹೊರರೋಗಿ ವಿಭಾಗದಲ್ಲಿ ರೋಗಿಗಳು ಹಾಗೂ ಅವರ ಬಂಧುಗಳಿಗಾಗಿ ನೀಡಿದ ಆರೋಗ್ಯ ಶಿಕ್ಷಣ ಉಪನ್ಯಾಸದ ಬರಹರೂಪ)



ಕೆಲವು ದಿನಗಳ ಹಿಂದೆ ಐವತ್ತರ ಆಸುಪಾಸಿನ ತಾಯಿಯೊಬ್ಬರನ್ನು ಮಧ್ಯರಾತ್ರಿ ನಮ್ಮಲ್ಲಿಗೆ ಕರೆತಂದರು. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲುತ್ತಿತ್ತು. ರಕ್ತದ ಸಕ್ಕರೆ ನೋಡಿದರೆ 48. ಗ್ಲೂಕೋಸ್ ಕೊಟ್ಟ ಮೇಲೆ ಚೇತರಿಸಿಕೊಂಡರು. ಬೆಳಿಗ್ಗೆ ವಿಚಾರಿಸಿದಾಗ, "ಗುಳಿಗಿ ಒಂದಿನಾನೂ ತಪ್ಪಿಸಿಲ್ರಿ ಸಿಸ್ಟರ್. ರಾತ್ರಿ ಊಟ ಅಷ್ಟ ಬಿಟ್ಟೀನಿ. ಮಗಳ ಲಗ್ನ ಐತಿ, ಅಷ್ಟರೊಳಗ ಸ್ವಲ್ಪ ಸಣ್ಣ ಆಗಬೇಕಂತ ಡಯಟ್ ಮಾಡಾಕತ್ತೀನಿ" ಎಂದರು. ಅವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ.

ಗ್ಲಿಮಿಪೆರೈಡ್‌ನಂಥ ಮಾತ್ರೆಯಾಗಲಿ, ಇನ್ಸುಲಿನ್ ಆಗಲಿ, ನೀವು ಉಂಡಿದ್ದೀರೋ ಇಲ್ಲವೋ ಎಂದು ಕೇಳುವುದಿಲ್ಲ. ಸಕ್ಕರೆಯನ್ನು ಇಳಿಸಿಯೇ ಇಳಿಸುತ್ತವೆ. ಸಕ್ಕರೆ 70ಕ್ಕಿಂತ ಕೆಳಗೆ ಬಂದರೆ ಅದು ಅಪಾಯದ ಸೂಚನೆ. ಎಚ್ಚರವಿದ್ದರೆ ಕೂಡಲೇ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ನೇರವಾಗಿ ಆಸ್ಪತ್ರೆಗೆ ತನ್ನಿ.

ಪಥ್ಯ ಎನ್ನುವುದು ನಮ್ಮ ಹಿರಿಯರ ಮಾತು. ಕಾಯಿಲೆ ಯಾವುದು, ಮಾತ್ರೆ ಯಾವುದು ಎಂದು ನೋಡಿ ವೈದ್ಯರು ಹೇಳುವ ಆಹಾರ ಕ್ರಮ ಅದು. ಬಿ.ಪಿ. ಇದ್ದವರಿಗೆ ಉಪ್ಪು ಕಡಿಮೆ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಬೇರೆ ಲೆಕ್ಕ. ಅದನ್ನು ಬಿಡಿ ಎಂದು ನಾನು ಖಂಡಿತ ಹೇಳುತ್ತಿಲ್ಲ. ನಾನು ಬಿಡಿ ಎನ್ನುತ್ತಿರುವುದು, ಪಕ್ಕದ ಮನೆಯವರು ಹೇಳಿದರೆಂದೋ ಮೊಬೈಲಿನಲ್ಲಿ ನೋಡಿದೆವೆಂದೋ ನಮಗೆ ನಾವೇ ವಿಧಿಸಿಕೊಳ್ಳುವ ಶಿಕ್ಷೆಯನ್ನು.

ಆ ಶಿಕ್ಷೆಯನ್ನು ನಾನೂ ಅನುಭವಿಸಿದ್ದೇನೆ. ನರ್ಸಿಂಗ್ ಡಿಪ್ಲೊಮಾ ಮುಗಿಸಿ ಬೇರೊಂದು ಊರಿನಲ್ಲಿ ಕೆಲಸಕ್ಕೆ ಸೇರಿದ್ದ ಕಾಲ. ನನ್ನನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು, ಚಹಾ ಕುಡಿದು, ಎದ್ದು ಹೋಗುವಾಗ "ಹುಡುಗಿ ಸ್ವಲ್ಪ ದಪ್ಪ ಆದಳು" ಎಂದು ಬಾಗಿಲಲ್ಲಿ ಹೇಳಿ ಹೋದರು. ಮರುದಿನದಿಂದ ರೊಟ್ಟಿ ಬಿಟ್ಟೆ, ಅನ್ನ ಬಿಟ್ಟೆ. ಬೆಳಿಗ್ಗೆ ನಿಂಬೆಹಣ್ಣು ಜೇನುತುಪ್ಪದ ನೀರು, ಮಧ್ಯಾಹ್ನ ಸೌತೆಕಾಯಿ, ರಾತ್ರಿ ಒಂದು ಲೋಟ ಮಜ್ಜಿಗೆ. ಮೂರು ತಿಂಗಳಲ್ಲಿ ಎಂಟು ಕಿಲೋ ಇಳಿಯಿತು. ಎಲ್ಲರೂ ಹೊಗಳಿದರು. ಬಾಚಣಿಗೆಯಲ್ಲಿ ಕೂದಲು ಗೊಂಚಲು ಗೊಂಚಲಾಗಿ ಬರುತ್ತಿದ್ದುದು, ಮುಟ್ಟು ನಿಂತದ್ದು ಯಾರಿಗೂ ಕಾಣಲಿಲ್ಲ. ಒಂದು ರಾತ್ರಿ ಪಾಳಿಯಲ್ಲಿ ಸಲೈನಿನ ಹನಿಗಳ ಲೆಕ್ಕ ಎರಡು ಸಲ ತಪ್ಪಿತು. ಜೊತೆಗಿದ್ದ ಹಿರಿಯ ಸಿಸ್ಟರ್ ಹಿಡಿದರು, ಇಲ್ಲದಿದ್ದರೆ ಏನಾಗುತ್ತಿತ್ತೋ.

ಆಮೇಲೆ ಹಬ್ಬಕ್ಕೆ ಊರಿಗೆ ಹೋದೆ. ಎಲ್ಲರ ಮುಂದೆ ಹೋಳಿಗೆ ಬೇಡವೆಂದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ದೀಪ ಹಾಕದೆ, ಡಬ್ಬಿಯ ಮುಚ್ಚಳ ಸದ್ದಾಗದಂತೆ ತೆಗೆದು, ನಿಂತುಕೊಂಡೇ ಆರು ಹೋಳಿಗೆ ತಿಂದೆ. ರುಚಿ ಗೊತ್ತಾಗಲಿಲ್ಲ. ಬೆಳಿಗ್ಗೆ ಅವ್ವ ಡಬ್ಬಿ ನೋಡಿ ಏನೂ ಕೇಳಲಿಲ್ಲ. ಕೇಳಿದ್ದರೇ ಒಳ್ಳೆಯದಿತ್ತೇನೋ. ಮರುದಿನ ಪಶ್ಚಾತ್ತಾಪವೆಂದು ಇನ್ನೂ ಕಠಿಣ ಡಯಟ್, ನಾಲ್ಕು ದಿನ ಬಿಟ್ಟು ಮತ್ತೆ ಕತ್ತಲಲ್ಲಿ ಡಬ್ಬಿ. ವರ್ಷ ತಿರುಗುವುದರೊಳಗೆ ಎಂಟು ಕಿಲೋ ಹೋಗಿ ಹನ್ನೊಂದು ಕಿಲೋ ಬಂತು. ನನಗೆ ಮನೋಬಲವಿಲ್ಲ ಎಂದೇ ತಿಳಿದಿದ್ದೆ.

ಅದು ಮನೋಬಲದ ಪ್ರಶ್ನೆಯಲ್ಲ ಎಂದು ಓದಿನಿಂದ ತಿಳಿಯಿತು. ಎರಡನೇ ಮಹಾಯುದ್ಧದ ಕೊನೆಗಾಲದಲ್ಲಿ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರಿಗೆ, ಅವರ ಒಪ್ಪಿಗೆಯಿಂದಲೇ, ಸುಮಾರು ಆರು ತಿಂಗಳು ಅರ್ಧಹೊಟ್ಟೆ ಊಟ ಕೊಟ್ಟರು. ದಿನಕ್ಕೆ ಸುಮಾರು 1,570 ಕ್ಯಾಲೊರಿ. ಇವತ್ತು ಎಷ್ಟೋ ಡಯಟ್ ಚೀಟಿಗಳಲ್ಲಿ ಇದಕ್ಕಿಂತಲೂ ಕಡಿಮೆ ಬರೆದಿರುತ್ತದೆ! ಆ ಯುವಕರಿಗೆ ಸದಾ ಚಳಿ, ಸಿಡುಕು, ಆಯಾಸ. ಕನಸು ಮನಸಿನಲ್ಲೆಲ್ಲ ಊಟದ್ದೇ ಮಾತು. ಅಡುಗೆ ಪುಸ್ತಕಗಳನ್ನು ಗುಡ್ಡೆ ಹಾಕಿಕೊಂಡು ಓದುತ್ತಿದ್ದವರೂ ಇದ್ದರು. ಪ್ರಯೋಗ ಮುಗಿದ ಮೇಲೆ ಕೆಲವರು ಎಷ್ಟು ತಿಂದರೂ ತೃಪ್ತಿಯಿಲ್ಲದೆ ಒದ್ದಾಡಿದರು. ಅವರ ಬಗ್ಗೆ ಓದುವಾಗ ನನಗೆ ಆ ಹೋಳಿಗೆ ಡಬ್ಬಿ ಕಣ್ಮುಂದೆ ಬಂತು.

ನಾವು ಬೇಕೆಂದೇ ಊಟ ಬಿಟ್ಟರೂ ದೇಹ ಅದನ್ನು ಬರಗಾಲವೆಂದೇ ತಿಳಿಯುತ್ತದೆ. ಖರ್ಚು ಕಡಿಮೆ ಮಾಡುತ್ತದೆ, ಹಸಿವು ಹೆಚ್ಚಿಸುತ್ತದೆ. ತೂಕ ಬಹಳ ಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವವೂ ಹೆಚ್ಚು.

ಹಾಗಾದರೆ ಏನು ಮಾಡಬೇಕು? ನಾನು ಮೊದಲು ಮಾಡಿದ್ದು ಇಷ್ಟೇ: ಮೂರು ಹೊತ್ತು, ಹೊತ್ತಿಗೆ ಸರಿಯಾಗಿ, ಕುಳಿತು ಉಂಡೆ. ಹೋಳಿಗೆ ಮಾಡಿದ ದಿನ ಹಗಲಲ್ಲೇ, ಎಲ್ಲರ ಜೊತೆ ತಾಟಿನಲ್ಲಿ ಹಾಕಿಸಿಕೊಂಡೆ. ಮೊದಲೆರಡು ತಿಂಗಳು ಹೆದರಿಕೆಯಿತ್ತು, ತಿನ್ನಲು ಶುರು ಮಾಡಿದರೆ ನಿಲ್ಲಿಸುವೆನೋ ಇಲ್ಲವೋ ಎಂದು. ನಿಧಾನಕ್ಕೆ ಎರಡಕ್ಕೆ ಸಾಕೆನಿಸತೊಡಗಿತು. ಮುಟ್ಟು ಸರಿಯಾಯಿತು, ಕೂದಲು ಬಂತು. ತೂಕ? ಅಷ್ಟೇನೂ ಇಳಿಯಲಿಲ್ಲ, ಏರುವುದು ಮಾತ್ರ ನಿಂತಿತು. ಈಗ ಮೂರು ಮಹಡಿ ಹತ್ತಿದರೂ ಏದುಸಿರಿಲ್ಲ.

ತಾಟಿನಲ್ಲಿ ಏನಿರಬೇಕು ಎಂದರೆ, ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ದಿನದ ಆಹಾರದಲ್ಲಿ ಸುಮಾರು ಅರ್ಧದಷ್ಟು ತರಕಾರಿ, ಸೊಪ್ಪು, ಹಣ್ಣು, ಗಡ್ಡೆಗಳೇ ಇರಬೇಕು. ನಮ್ಮ ಕಡೆಯ ರೊಟ್ಟಿ, ಕಾಳುಪಲ್ಯ, ಸೊಪ್ಪಿನ ಪಲ್ಯ, ಹಸಿ ಮೂಲಂಗಿ, ಮೆಂತ್ಯ, ಮೊಸರು ಇದಕ್ಕೆ ಹತ್ತಿರವೇ ಇದೆ. ರೊಟ್ಟಿ ನಾಲ್ಕು ಪಲ್ಯ ಚಮಚದಷ್ಟು ಆದಾಗ ಮಾತ್ರ ಲೆಕ್ಕ ತಪ್ಪುತ್ತದೆ. ತೂಕ ಇಳಿಸಲೇಬೇಕೆಂದು ವೈದ್ಯರು ಹೇಳಿದ್ದರೆ ಅದೂ ಊಟ ಬಿಟ್ಟು ಅಲ್ಲ. ಆಹಾರ ತಜ್ಞರನ್ನು ಕಂಡು, ಮಾತ್ರೆಯ ಪ್ರಮಾಣ ಸರಿಮಾಡಿಸಿಕೊಂಡು, ನಿಧಾನವಾಗಿ.

ತಾಯಂದಿರಿಗೆ ಇನ್ನೊಂದು ಮಾತು. ಎಲ್ಲರಿಗೂ ಬಡಿಸಿ, ಮೂರು ಗಂಟೆಗೆ ಉಳಿದದ್ದನ್ನು ಉಣ್ಣುವ ಪದ್ಧತಿ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಅಷ್ಟು ಹೊತ್ತು ಹಸಿದವರು ಹಸಿವೆಗಿಂತ ಹೆಚ್ಚೇ ಉಣ್ಣುತ್ತಾರೆ, ಆಮೇಲೆ ತಮ್ಮನ್ನೇ ಬೈದುಕೊಳ್ಳುತ್ತಾರೆ. ಮಾತ್ರೆ ನುಂಗುವವರಂತೂ ಮೊದಲ ಪಂಕ್ತಿಯಲ್ಲೇ ಕುಳಿತುಕೊಳ್ಳಿ. ಗಂಡಂದಿರು, ಮಕ್ಕಳು ಸ್ವಲ್ಪ ಬಡಿಸಲಿ, ಕೈ ಸವೆಯುವುದಿಲ್ಲ.

ಹೆಣ್ಣುಮಕ್ಕಳ ದಪ್ಪ ಸಣ್ಣದ ಬಗ್ಗೆ ಊಟದ ಹೊತ್ತಿನಲ್ಲಿ ದಯವಿಟ್ಟು ಮಾತನಾಡಬೇಡಿ. ಮಗಳು ಉಂಡ ಕೂಡಲೇ ಬಚ್ಚಲಿಗೆ ಹೋಗಿ ವಾಂತಿ ಮಾಡುತ್ತಿದ್ದರೆ, ಮುಟ್ಟು ನಿಂತಿದ್ದರೆ, ಎಲ್ಲರ ಜೊತೆ ಉಣ್ಣುವುದನ್ನೇ ತಪ್ಪಿಸುತ್ತಿದ್ದರೆ ಬೈಯಬೇಡಿ, ಇಲ್ಲಿಗೆ ಕರೆತನ್ನಿ. ಅದಕ್ಕೂ ಚಿಕಿತ್ಸೆ ಇದೆ. ಮೊದಲು ಫೋನಿನಲ್ಲಿ ಮಾತಾಡಬೇಕೆಂದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಹಣ ಕೊಡಬೇಕಿಲ್ಲ.

ಆ ತಾಯಿ ಮೂರನೇ ದಿನ ಮನೆಗೆ ಹೋದರು. ಹೋಗುವಾಗ, "ಲಗ್ನಕ್ಕ ಬರ್ರಿ ಸಿಸ್ಟರ್, ನನ್ನ ಜೋಡಿನ ಕುಂತು ಊಟ ಮಾಡ್ರಿ" ಎಂದರು. ಬರುತ್ತೇನೆ ಎಂದಿದ್ದೇನೆ.

ದಾಸೋಹದ ಗಂಟೆಯೂ ಆಯಿತು. ಇನ್ಸುಲಿನ್ ತೆಗೆದುಕೊಳ್ಳುವವರು ತಮ್ಮ ಸಿಸ್ಟರನ್ನು ಕಂಡು ಊಟಕ್ಕೆ ಹೋಗಿ. ಪ್ರಶ್ನೆಗಳಿದ್ದರೆ ಉಂಡು ಬನ್ನಿ, ನಾನು ಇಲ್ಲೇ ಇರುತ್ತೇನೆ.